ಬೋರ್ಡ್ ಮೇಲೆ ‘ಇಂಡಿಯನ್, ಚೈನೀಸ್, ನೇಪಾಲಿ’: ತಟ್ಟೆಯಲ್ಲಿ ಏನು, ಬಿಲ್ಲಿನಲ್ಲಿ ಏನು?

ಕಲಬುರಗಿ: ಸಂಜೆ ಆರು ಹೊಡೀತು ಅಂದ್ರ ಸಾಕು, ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ರಿಂಗ್ ರೋಡ್ ಕಡೆ ಮಿರ್ಚಿ ಭಜಿ ಬಂಡಿಯ ಪಕ್ಕದಲ್ಲೇ ಇನ್ನೊಂದು ಬಂಡಿಯಿಂದ ಹಬೆ ಏಳತೊಡಗುತ್ತದೆ. ಒಂದರ ಮೇಲೊಂದು ಜೋಡಿಸಿದ ಅಲ್ಯುಮಿನಿಯಂ ಪಾತ್ರೆ, ಅದರೊಳಗೆ ಮೋಮೊ, ಪಕ್ಕದಲ್ಲಿ ಕೆಂಪು ಚಟ್ನಿ, ಬಿಳಿ ಮೇಯನೀಸ್. ಸ್ವಲ್ಪ ದೊಡ್ಡ ಹೋಟೆಲ್ ಆದರೆ ಬೋರ್ಡ್ ಮೇಲೆ ‘ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್’ ಎಂದಿರುತ್ತದೆ. ಈಗೀಗ ಆ ಸಾಲಿನ ಕೊನೆಗೆ ‘ನೇಪಾಲಿ’, ‘ತಿಬೇಟಿಯನ್’ ಎಂಬ ಮಾತೂ ಸೇರುತ್ತಿದೆ. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರದ ಕಡೆ ಹೋದರೆ ಧಾಬಾಗಳ ಮೆನು ಕಾರ್ಡಿನಲ್ಲಿಯೂ ಗೋಬಿ, ನೂಡಲ್ಸ್, ಫ್ರೈಡ್ ರೈಸ್ ಇಲ್ಲದ ಪುಟ ಸಿಗುವುದಿಲ್ಲ.

ಹೊಟ್ಟೆ ತುಂಬಿದ ಮೇಲೆ ಪ್ರಶ್ನೆ ಶುರುವಾಗುತ್ತವೆ. ಇದರಲ್ಲಿ ನೇಪಾಳದ್ದು ಯಾವುದು, ನಮ್ಮದು ಯಾವುದು? ಒಳಗೆ ಕಡಾಯಿ ಹಿಡಿದು ನಿಂತ ಹುಡುಗ ಎಲ್ಲಿಯವನು, ಅವನಿಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಬೇಕೇ? ಬಿಲ್ಲಿನಲ್ಲಿ ಹಾಕಿದ ಜಿಎಸ್‌ಟಿ ಸರಿಯೇ, ಸರ್ವಿಸ್ ಚಾರ್ಜ್ ಕೊಡಲೇಬೇಕೇ? ಗೋಬಿಗೆ ಹಾಕುವ ಕೆಂಪು ಬಣ್ಣದ ಮೇಲೆ ಸರ್ಕಾರ ನಿಷೇಧ ಹೇರಿದ್ದು ಏನಾಯ್ತು? ತಿನ್ನುವವರಿಗೆ ಎಷ್ಟು ಬೇಕೋ, ಅಂಗಡಿ ಇಟ್ಟು ರೊಕ್ಕ ಹಾಕಿದವರಿಗೂ ಅಷ್ಟೇ ಬೇಕಾದ ಮಾಹಿತಿ ಇದು.

ಮೋಮೊ ಎಲ್ಲಿಯದು?

ಮೋಮೊ ಮೂಲದಲ್ಲಿ ಟಿಬೆಟ್ ಕಡೆಯ ತಿನಿಸು. ಕಠ್ಮಂಡು ಕಣಿವೆಯ ನೇವಾರ ವ್ಯಾಪಾರಿಗಳು ಲಾಸಾದ ಜತೆ ವ್ಯಾಪಾರ ಇಟ್ಟುಕೊಂಡಿದ್ದರು. ಅವರ ಮೂಲಕ ಅದು ನೇಪಾಳಕ್ಕೆ ಬಂದು ಅಲ್ಲಿನ ಮಸಾಲೆ, ಅಲ್ಲಿನ ಚಟ್ನಿ ಹಿಡಿಯಿತು ಎನ್ನುತ್ತಾರೆ. ಕಠ್ಮಂಡುವಿನಲ್ಲಿ ಅದರೊಳಗೆ ಎಮ್ಮೆಯ ಮಾಂಸ ತುಂಬುವುದು ರೂಢಿ. ನಮ್ಮಲ್ಲಿ ಅದು ಚಿಕನ್, ಎಲೆಕೋಸು, ಪನೀರ್ ಆಗಿದೆ. ನೇಪಾಳದಲ್ಲಿ ಜತೆಗೆ ಕೊಡುವ ಅಚಾರ್ ಟೊಮೆಟೊ ಮತ್ತು ಎಳ್ಳಿನದು, ಅದಕ್ಕೆ ‘ಟಿಮುರ್’ ಎಂಬ ನಾಲಿಗೆ ಜುಮ್ಮೆನ್ನಿಸುವ ಕಾಳು ಬೀಳುತ್ತದೆ. ಕರಾವಳಿ, ಮಲೆನಾಡಿನವರು ಮೀನು ಸಾರಿಗೆ ಹಾಕುವ ಜುಮ್ಮನಕಾಯಿ ಇದರ ಬಳಗದ್ದೇ. ಮೇಯನೀಸ್‌ಗೂ ನೇಪಾಳಕ್ಕೂ ಸಂಬಂಧವಿಲ್ಲ. ಅದು ನಮ್ಮ ಊರುಗಳ ಬಂಡಿಯವರು ಸೇರಿಸಿದ್ದು.

ಕರ್ನಾಟಕಕ್ಕೆ ಮೋಮೊ ಹೊಸದೂ ಅಲ್ಲ. 1960ರ ದಶಕದ ಆರಂಭದಲ್ಲೇ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟ್ ನಿರಾಶ್ರಿತರಿಗೆ ಜಾಗ ಕೊಡಲಾಯಿತು, 1966ರಲ್ಲಿ ಮುಂಡಗೋಡ. ಅಲ್ಲಿಗೆ ಪ್ರವಾಸ ಹೋದವರು ಮೋಮೊ, ಥುಕ್ಪಾ ತಿಂದು ಬಂದದ್ದು ಅರವತ್ತು ವರ್ಷದ ಮಾತು. ಥುಕ್ಪಾ ಎಂದರೆ ನೂಡಲ್ಸ್ ಹಾಕಿದ ಬಿಸಿ ಸಾರು. ಕಲಬುರಗಿಯ ಮೇ ತಿಂಗಳಿಗೆ ಇದು ಹೇಳಿಮಾಡಿಸಿದ್ದಲ್ಲ, ಆದರೆ ಡಿಸೆಂಬರ್ ರಾತ್ರಿಗೆ ಚಲೋ.

ಇನ್ನು ಗೋಬಿ ಮಂಚೂರಿ. ಇದು ಚೀನಾದ್ದೂ ಅಲ್ಲ, ನೇಪಾಳದ್ದೂ ಅಲ್ಲ, ಪಕ್ಕಾ ಇಂಡಿಯಾದ್ದು. 1975ರ ಸುಮಾರಿಗೆ ಮುಂಬೈಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಚಿಕನ್ ಮಂಚೂರಿಯನ್ ಮಾಡಿದ್ದೇ ಮೊದಲು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಗೋಬಿ ಅದರ ಸಸ್ಯಾಹಾರಿ ತಮ್ಮ. ನೇಪಾಳಿ ಅಡುಗೆಯವರ ಕೈಯಲ್ಲಿ ಬೇಯುವುದರಿಂದ ಅದು ‘ನೇಪಾಳಿ ಊಟ’ ಆಗುವುದಿಲ್ಲ.

ಹಾಗಾದರೆ ನಿಜವಾದ ನೇಪಾಳಿ ಊಟ ಯಾವುದು? ದಾಲ್-ಭಾತ್. ಬೇಳೆ, ಅನ್ನ, ಒಂದು ತರಕಾರಿ, ಸೊಪ್ಪು, ಅಚಾರ್. ಇಷ್ಟೇ. ಹಳ್ಳಿಯಲ್ಲಿ ದಿನಕ್ಕೆ ಎರಡು ಹೊತ್ತು ಇದನ್ನೇ ಉಣ್ಣುತ್ತಾರೆ. ಮುಸ್ತಾಂಗ್ ಕಡೆಯ ಥಕಾಲಿ ಜನ ದಾರಿಬದಿಯಲ್ಲಿ ವಸತಿ, ಊಟದ ಮನೆ ನಡೆಸುತ್ತ ಇದನ್ನು ಹೆಸರುವಾಸಿ ಮಾಡಿದರು. ‘ಥಕಾಲಿ ಖಾನಾ’ ಎಂದರೆ ಈಗ ನೇಪಾಳದಾದ್ಯಂತ ಹೋಟೆಲ್ ಬೋರ್ಡು. ತಟ್ಟೆ ಖಾಲಿಯಾದಂತೆ ಅನ್ನ, ಬೇಳೆ ಮತ್ತೆ ಬಡಿಸುತ್ತಾರೆ. ನಮ್ಮ ಖಾನಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ’ ಎಂದು ಕೇಳುತ್ತ, ಪುಂಡಿ ಪಲ್ಯ, ಬೇಳಿ, ಶೇಂಗಾ ಹಿಂಡಿ, ಮಸರು ಬಡಿಸುವ ಪದ್ಧತಿಯೂ ಇದೇ ಜಾತಿಯದು. ದಾರಿಹೋಕನಿಗೆ ಹೊಟ್ಟೆ ತುಂಬ ಊಟ, ಒಂದೇ ದರ.

ಇನ್ನೊಂದು ಹತ್ತಿರದ ಸಂಬಂಧ ತೊಗರಿಯದು. ನೇಪಾಳಿಯಲ್ಲಿ ತೊಗರಿಗೆ ‘ರಹರ್’ ಎನ್ನುತ್ತಾರೆ. ಉದ್ದು, ಚೆನ್ನಂಗಿ ಬೇಳೆಯ ಜತೆ ಅವರ ದಾಲ್‌ಗೆ ಇದೂ ಬೀಳುತ್ತದೆ. 2019ರಲ್ಲಿ ಜಿಐ ಟ್ಯಾಗ್ ಪಡೆದ ಕಲಬುರಗಿ ತೊಗರಿ ಬೇಳೆ ಕೈಯಳತೆಯಲ್ಲಿರುವಾಗ ದಾಲ್-ಭಾತ್ ಮಾಡಲು ಹೊರಗಿನಿಂದ ತರಬೇಕಾದ್ದು ಏನೂ ಇಲ್ಲ. ‘ಢೀಡೊ’ ಎಂಬುದು ಮೆಕ್ಕೆಜೋಳ, ರಾಗಿ ಅಥವಾ ‘ಫಾಪರ್’ (ಬಕ್‌ವೀಟ್) ಹಿಟ್ಟನ್ನು ಕುದಿನೀರಿಗೆ ಹಾಕಿ ತಿರುವಿ ಗಟ್ಟಿ ಮಾಡುವ ಅಡುಗೆ. ಜೋಳದ ಸಂಗಟಿ ಉಂಡವರಿಗೆ ಇದು ಹೊಸದೆನ್ನಿಸದು. ‘ಗುಂದ್ರುಕ್’ ಎಂದರೆ ಸಾಸಿವೆ, ಮೂಲಂಗಿ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿದ್ದು. ‘ಸೆಲ್ ರೋಟಿ’ ಅಕ್ಕಿ ಹಿಟ್ಟಿನ ಬಳೆಯಾಕಾರದ ಸಿಹಿ ತಿನಿಸು, ಎಣ್ಣೆಯಲ್ಲಿ ಕರಿದದ್ದು. ದೀಪಾವಳಿಗೆ ಅಲ್ಲಿ ಪ್ರತಿ ಮನೆಯಲ್ಲಿ ಆಗಲೇಬೇಕು.

ಇಷ್ಟಿದ್ದೂ ಇಲ್ಲಿನ ಮೆನುವಿನಲ್ಲಿ ಮೋಮೊ ಮಾತ್ರ ಮುಂದೆ, ದಾಲ್-ಭಾತ್ ಕಾಣುವುದು ಅಪರೂಪ. ಕಾರಣ ವ್ಯಾಪಾರದ್ದು. ಅನ್ನ ಬೇಳೆಗೆ ಗಿರಾಕಿ ಹೊರಗೆ ರೊಕ್ಕ ಕೊಡುವುದಿಲ್ಲ, ‘ಅದನ್ನ ಮನ್ಯಾಗೇ ಉಣ್ತೀವಲ್ರಿ’ ಅಂತಾನೆ.

ಹೊರದೇಶದಲ್ಲಿ ಬೋರ್ಡ್ ಉಲ್ಟಾ

‘ಇಂಡಿಯನ್ ಅಂಡ್ ನೇಪಾಲೀಸ್ ರೆಸ್ಟೋರೆಂಟ್’ ಎಂಬ ಬೋರ್ಡ್ ನಿಜವಾಗಿ ಬೆಳೆದದ್ದು ಇಂಗ್ಲೆಂಡ್, ಆಸ್ಟ್ರೇಲಿಯಾ, ಜಪಾನ್‌ಗಳಲ್ಲಿ. ಕಲಬುರಗಿಯಿಂದ ಓದಲು, ಕೆಲಸಕ್ಕೆ ಹೋದ ಮಕ್ಕಳಿರುವ ಮನೆಗಳಿಗೆ ಇದು ಗೊತ್ತಿರುತ್ತದೆ. ‘ಇಂಡಿಯನ್ ಹೋಟೆಲ್ ಅಂತ ಹೋದ್ವಿ, ಮಾಲಕ್ರು ನೇಪಾಳದವ್ರು’ ಎಂಬ ಮಾತು ಫೋನಿನಲ್ಲಿ ಬಂದೇ ಬರುತ್ತದೆ. ಜಪಾನಿನಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ನೇಪಾಳಿಗಳಿದ್ದಾರೆ, ಅಲ್ಲಿನ ಇಂಡಿಯನ್ ಕರಿ ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸುವವರು ಅವರೇ. ‘ನೇಪಾಳಿ ಊಟ’ ಎಂದರೆ ಪರದೇಶದ ಗಿರಾಕಿಗೆ ಗೊತ್ತಾಗುವುದಿಲ್ಲ, ‘ಇಂಡಿಯನ್’ ಎಂದರೆ ಬಟರ್ ಚಿಕನ್, ನಾನ್ ನೆನಪಾಗಿ ಒಳಗೆ ಬರುತ್ತಾನೆ. ಹಾಗಾಗಿ ಎರಡೂ ಹೆಸರು ಒಂದೇ ಬೋರ್ಡಿಗೆ ಬಂದವು.

ನಮ್ಮಲ್ಲಿ ಇದರ ಉಲ್ಟಾ. ಸಾಮಾನ್ಯವಾಗಿ ಮಾಲಕರು ಇಲ್ಲಿಯವರು, ಕಡಾಯಿ ಹಿಡಿದವರು ಹೊರಗಿನವರು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಸೇಡಂ ರಸ್ತೆಯ ಇಎಸ್‌ಐಸಿ ಮೆಡಿಕಲ್ ಕಾಲೇಜು ಬಂದಮೇಲೆ ಬೇರೆ ಬೇರೆ ರಾಜ್ಯದ ಹುಡುಗ ಹುಡುಗಿಯರು ಊರಲ್ಲಿ ಕಾಣುತ್ತಾರೆ, ಅವರ ನಾಲಿಗೆಗೆ ಮೋಮೊ ಮೊದಲೇ ಪರಿಚಯ. ಕಮಲಾಪುರದಲ್ಲಿ ಹೆದ್ದಾರಿ ಗಿರಾಕಿಯದ್ದೇ ಮೇಲುಗೈ: ಬೀದರ್, ಹೈದರಾಬಾದ್ ಕಡೆ ಹೋಗುವ ಗಾಡಿಗಳು, ಲಾರಿಗಳು.

ಅಡುಗೆಮನೆಯಲ್ಲಿ ಇರುವವರು ಯಾರು?

ಈ ಭಾಗದವರಿಗೆ ನೇಪಾಳ ಎಂದರೆ ಮೊದಲು ನೆನಪಾಗುವುದು ಗೂರ್ಖಾ. ನಡುರಾತ್ರಿ ಸೀಟಿ ಊದುತ್ತ, ಕೋಲು ಬಡಿಯುತ್ತ ಬಜಾರಿನಲ್ಲಿ ತಿರುಗಿ, ತಿಂಗಳು ತುಂಬಿದ ಮೇಲೆ ಅಂಗಡಿ ಅಂಗಡಿಗೆ ಬಂದು ಸಲಾಂ ಹೊಡೆದು ಹತ್ತೋ ಇಪ್ಪತ್ತೋ ಇಸ್ಕೊಂಡು ಹೋಗುವವನು. ಗೋರ್ಖಾ ಎಂಬುದು ನೇಪಾಳದ ಒಂದು ಜಿಲ್ಲೆಯ ಹೆಸರು. ಸೈನಿಕರಿಗೆ ಬಂದ ಆ ಹೆಸರು ನಮ್ಮ ಬಾಯಲ್ಲಿ ಕಾವಲುಗಾರನ ಹೆಸರಾಯಿತು. ಸಿಸಿಟಿವಿ ಕ್ಯಾಮೆರಾ ಬಂದಮೇಲೆ ಆ ಸೀಟಿ ಕಡಿಮೆಯಾಗಿದೆ. ಮುಂದಿನ ಪೀಳಿಗೆಯವರು ಅಡುಗೆಮನೆ ಸೇರಿದ್ದಾರೆ.

ಅವರು ಇಲ್ಲಿ ಕೆಲಸ ಮಾಡಲು ವೀಸಾ ಬೇಕೇ? ಬೇಡ. 1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಸಹಿ ಹಾಕಿದ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೇ ವಿಧಿ, ಒಂದು ದೇಶದ ಪ್ರಜೆಗಳಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಓಡಾಟದ ವಿಷಯದಲ್ಲಿ ಪರಸ್ಪರ ಸವಲತ್ತು ಕೊಡುತ್ತದೆ. ಭೂಮಾರ್ಗದಲ್ಲಿ ಗಡಿ ದಾಟಲು ಪಾಸ್‌ಪೋರ್ಟ್ ಕೂಡ ಬೇಡ. ಆದರೆ ಅವರು ಭಾರತದ ಪ್ರಜೆಗಳಲ್ಲ, ಹಾಗಾಗಿ ಮತದಾರರ ಚೀಟಿಯಾಗಲಿ ರೇಷನ್ ಕಾರ್ಡ್ ಆಗಲಿ ಅವರಿಗಿಲ್ಲ. ಗುರುತಿಗೆ ಅವರ ಹತ್ತಿರ ಇರುವುದು ನೇಪಾಳ ಸರ್ಕಾರ ಕೊಟ್ಟ ‘ನಾಗರಿಕತಾ’ ಪತ್ರ. ಕೆಲಸಕ್ಕೆ ಇಟ್ಟುಕೊಳ್ಳುವವರು ಅದರ ಪ್ರತಿ ತೆಗೆದಿಟ್ಟುಕೊಂಡು ಹತ್ತಿರದ ಠಾಣೆಗೆ ಒಂದು ಮಾತು ತಿಳಿಸಿದರೆ ಇಬ್ಬರಿಗೂ ಒಳ್ಳೆಯದು. ಮೂಲ ಪತ್ರ ಕಸಿದು ಗಲ್ಲಾದಲ್ಲಿ ಇಟ್ಟುಕೊಳ್ಳುವ ಚಾಳಿ ಕೆಲವರಿಗಿದೆ, ಅದು ಮಾತ್ರ ಬೇಡ. ಊರಿಗೆ ಹೋಗಬೇಕೆಂದ ದಿನ ಹೋಗಲಾರದಂತೆ ಮನುಷ್ಯನನ್ನು ಕಟ್ಟಿಹಾಕಿದಂತೆ ಅದು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮುಖ ನೋಡಿ ‘ನೇಪಾಳಿ’ ಎಂದು ಕರೆಯಿಸಿಕೊಳ್ಳುವ ಎಷ್ಟೋ ಹುಡುಗರು ಡಾರ್ಜಿಲಿಂಗ್, ಸಿಕ್ಕಿಂ, ಅಸ್ಸಾಂ, ಮಣಿಪುರದವರು. ಅಂದರೆ ಭಾರತೀಯರೇ. ನೇಪಾಳಿ ಭಾಷೆ 1992ರಿಂದ ನಮ್ಮ ಸಂವಿಧಾನದ 8ನೇ ಪರಿಚ್ಛೇದದಲ್ಲಿ ಕನ್ನಡದ ಜತೆ ಕುಳಿತಿದೆ. ‘ಏ ಚೈನಾ, ಒಂದ್ ಪ್ಲೇಟ್ ಕೊಡು’ ಎಂದು ಕೂಗುವುದು ತಮಾಷೆ ಎಂದುಕೊಂಡವರಿಗೆ ಇದು ಗೊತ್ತಿದ್ದರೆ ಚಲೋ. ಹೆಸರು ಗೊತ್ತಿಲ್ಲದಿದ್ದರೆ ‘ಅಣ್ಣಾ’, ‘ಭಯ್ಯಾ’ ಅನ್ನಲು ಯಾರದೂ ಗಂಟು ಹೋಗುವುದಿಲ್ಲ. ದಾಜು ಎಂದರೆ ನೇಪಾಳಿಯಲ್ಲಿ ಅಣ್ಣ, ದಿದಿ ಎಂದರೆ ಅಕ್ಕ.

ಸಂಬಳದ ವಿಷಯ. ಕರ್ನಾಟಕದ ಕನಿಷ್ಠ ವೇತನ ಎಲ್ಲಿಂದ ಬಂದವನೆಂದು ನೋಡಿ ಬದಲಾಗುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲ್ ಆದರೆ, ತಿಂಗಳಿಗೆ ₹21,000ದವರೆಗೆ ವೇತನ ಇರುವ ಕೆಲಸಗಾರರಿಗೆ ಇಎಸ್‌ಐ ಮಾಡಿಸಬೇಕು. ಕಾದ ಎಣ್ಣೆ, ಹಬೆ, ಚಾಕು ಜತೆ ದಿನಕ್ಕೆ ಹನ್ನೆರಡು ತಾಸು ಕಳೆಯುವವರಿಗೆ ಇದು ಕಾಗದದ ಮಾತಲ್ಲ. ಕೈ ಸುಟ್ಟುಕೊಂಡ ಅಡುಗೆಯವನು ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಚಿಕಿತ್ಸೆ ಪಡೆಯಬೇಕಾದರೆ ಅವನ ಹೆಸರು ಮೊದಲೇ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಯ ಬಿಲ್ ಒಂದೋ ಮಾಲಕರ ತಲೆಗೆ, ಇಲ್ಲವೇ ಆ ಹುಡುಗನ ಸಾಲದ ಲೆಕ್ಕಕ್ಕೆ.

ಊರಿಗೆ ಹಣ ಕಳಿಸಲು ಏಜೆಂಟರ ಕೈ ಹಿಡಿಯಬೇಕಿಲ್ಲ ಎಂಬುದನ್ನೂ ಅವರಿಗೆ ತಿಳಿಸಬಹುದು. 2008ರಿಂದ ಬ್ಯಾಂಕ್ ಎನ್‌ಇಎಫ್‌ಟಿ ಮೂಲಕವೇ ನೇಪಾಳಕ್ಕೆ ಹಣ ಕಳಿಸುವ ಇಂಡೋ-ನೇಪಾಳ ಸೌಲಭ್ಯವಿದೆ. 2021ರಲ್ಲಿ ಅದರ ಮಿತಿಯನ್ನು ಒಂದು ಸಲಕ್ಕೆ ₹50,000ದಿಂದ ₹2 ಲಕ್ಷಕ್ಕೆ ಏರಿಸಲಾಗಿದೆ. ನಮ್ಮ ಒಂದು ರೂಪಾಯಿಗೆ ಅಲ್ಲಿ ಒಂದು ರೂಪಾಯಿ ಅರವತ್ತು ಪೈಸೆ, 1993ರಿಂದ ಇದೇ ದರ. ಇಲ್ಲಿ ಕಳಿಸಿದ ₹10,000 ಅಲ್ಲಿ 16,000 ಆಗುತ್ತದೆ.

ಬಣ್ಣ, ಮೇಯನೀಸ್, ಬಿಸಿಲು

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆಗೆ ಒಳಪಟ್ಟ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣ ಸಿಕ್ಕಿತ್ತು. ಅಂದರೆ ಮೂರು ಪ್ಲೇಟ್ ತಿಂದರೆ ಹೆಚ್ಚುಕಡಿಮೆ ಎರಡರಲ್ಲಿ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬುದು ಬಟ್ಟೆ, ಕಾಗದಕ್ಕೆ ಬಳಸುವ ಬಣ್ಣ. ಅದೇ ವರ್ಷ ಜೂನ್ 24ರಂದು ಕಬಾಬ್‌ಗೂ ಇದೇ ನಿಷೇಧ ಬಂತು: ವೆಜ್, ಚಿಕನ್, ಮೀನು ಮೂರಕ್ಕೂ. ಅಲ್ಲಿ 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಬಣ್ಣ ಇತ್ತು. ನಿಯಮ ಮೀರಿದವರಿಗೆ 7 ವರ್ಷದವರೆಗೆ ಜೈಲು, ₹10 ಲಕ್ಷದವರೆಗೆ ದಂಡ ಬೀಳಬಹುದು ಎಂದು ಸರ್ಕಾರ ಅಂದೇ ಹೇಳಿದೆ.

ಬಂಡಿಯವರ ವಾದವೂ ಕೇಳುವಂಥದ್ದೇ. ‘ಕೆಂಪಗಿಲ್ಲದ ಗೋಬಿ ಕೊಟ್ರ ಗಿರಾಕಿ ಹಳಸಿದ್ದೇನ್ರಿ ಅಂತ ಕೇಳ್ತಾರ’. ಇದರಲ್ಲಿ ಸುಳ್ಳಿಲ್ಲ. ಕಡು ಕೆಂಪು ಕಂಡರೆ ಮಾತ್ರ ಬಾಯಲ್ಲಿ ನೀರೂರುವ ರೂಢಿ ನಾವೇ ಮಾಡಿಕೊಂಡದ್ದು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆದು ಹಾಕಿದರೆ ಬಣ್ಣವೂ ಬರುತ್ತದೆ, ಖಾರವೂ ಮಿತಿಯಲ್ಲಿರುತ್ತದೆ. ಆದರೆ ಅದು ಇಟ್ಟಿಗೆ ಬಣ್ಣ, ಪೌಡರ್ ಡಬ್ಬಿಯ ಬಣ್ಣವಲ್ಲ. ತಿಂದ ಮೇಲೆ ಬೆರಳಿಗೆ, ಪ್ಲೇಟಿಗೆ ಕೆಂಪು ಹತ್ತಿ ತೊಳೆದರೂ ಹೋಗದಿದ್ದರೆ ಅನುಮಾನ ಪಡಬಹುದು.

ಅಜಿನೊಮೊಟೊ ಬಗ್ಗೆ ಹೆದರಿಕೆ ಇದಕ್ಕಿಂತ ಹೆಚ್ಚು. ಅದು ಒಂದು ಕಂಪನಿಯ ಹೆಸರು. ಒಳಗಿರುವುದು ಮೋನೊಸೋಡಿಯಂ ಗ್ಲುಟಮೇಟ್. ಇದಕ್ಕೆ ಕಾನೂನಿನ ಅನುಮತಿ ಇದೆ. ಎಳೆ ಮಕ್ಕಳ ಆಹಾರಕ್ಕೆ ಹಾಕುವಂತಿಲ್ಲ. ನಿಷೇಧಿತ ಬಣ್ಣ ಬಿಟ್ಟು ಇದರ ಮೇಲೆ ಕೂಗಾಡುವುದು ಕಳ್ಳನ ಬಿಟ್ಟು ಸಂಭಾವಿತನ ಹಿಡಿದಂತೆ.

ನಿಜವಾದ ಅಪಾಯ ಬಿಳಿ ಬಣ್ಣದಲ್ಲಿದೆ. 2024ರ ಅಕ್ಟೋಬರ್ ಕೊನೆಗೆ ಹೈದರಾಬಾದಿನಲ್ಲಿ ಬೀದಿಬದಿ ಮೋಮೊ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಮಹಿಳೆ ತೀರಿಕೊಂಡರು. ಅದಾದ ಕೆಲವೇ ದಿನಕ್ಕೆ, ಅಕ್ಟೋಬರ್ 30ರಂದು, ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮೇಯನೀಸನ್ನು ಒಂದು ವರ್ಷ ನಿಷೇಧಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಬೇಯಿಸಿದರೆ ಸಾಯುತ್ತದೆ, ಮೇಯನೀಸ್ ಬೇಯುವುದೇ ಇಲ್ಲ. 5ರಿಂದ 60 ಡಿಗ್ರಿ ನಡುವಿನ ಶಾಖದಲ್ಲಿ ಇಂಥವು ಬೇಗ ಬೆಳೆಯುತ್ತವೆ. ಏಪ್ರಿಲ್-ಮೇನಲ್ಲಿ ನೆರಳಲ್ಲೇ 42 ಡಿಗ್ರಿ ದಾಟುವ ಊರಿನಲ್ಲಿ, ಫ್ರಿಜ್ ಇಲ್ಲದ ಬಂಡಿಯ ಮೇಲೆ ಮೇಯನೀಸ್ ಡಬ್ಬಿ ನಾಲ್ಕು ತಾಸು ಕುಳಿತರೆ ಏನಾದೀತು ಎಂದು ಲೆಕ್ಕ ಹಾಕಿಕೊಳ್ಳಬಹುದು. ಬೇಯಿಸದೆ ಇಟ್ಟ ಚಿಕನ್ ಮೋಮೊಗೂ ಇದೇ ಮಾತು. ಹಬೆಯಾಡುವ ಪಾತ್ರೆಯಿಂದ ನೇರ ಪ್ಲೇಟಿಗೆ ಬಂದದ್ದು ಬಹುಮಟ್ಟಿಗೆ ಸುರಕ್ಷಿತ, ಒಮ್ಮೆ ಆರಿ ಮತ್ತೆ ಬೆಚ್ಚಗೆ ಮಾಡಿದ್ದು ಅಲ್ಲ. ಬೇಸಿಗೆಯಲ್ಲಿ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಮೇಯನೀಸ್ ಬಿಟ್ಟು ಕೆಂಪು ಚಟ್ನಿಯಷ್ಟೇ ಸಾಕು. ಮೊಟ್ಟೆ ಇಲ್ಲದ ಪ್ಯಾಕೆಟ್ ಮೇಯನೀಸ್ ಸಿಗುತ್ತದೆ. ಬಂಡಿಯವರು ಅದನ್ನೇ ತಂದು, ಐಸ್ ಡಬ್ಬಿಯಲ್ಲಿಟ್ಟು, ಪ್ಯಾಕೆಟ್ ಕಾಣುವಂತೆ ಇಟ್ಟರೆ ಗಿರಾಕಿಗೂ ಧೈರ್ಯ.

ಗ್ಯಾಸ್ ವಿಷಯದಲ್ಲೂ ಎಚ್ಚರ ಬೇಕು. 14.2 ಕೆ.ಜಿ.ಯ ಸಿಲಿಂಡರ್ ಮನೆ ಬಳಕೆಗೆ, ಹೋಟೆಲಿಗೆ 19 ಕೆ.ಜಿ.ಯದು. ಮೋಮೊ ಬಂಡಿಗೆ ಸಂಜೆಯಿಡೀ ಒಲೆ ಉರಿಯುತ್ತಲೇ ಇರಬೇಕಾದ್ದರಿಂದ ಮನೆ ಸಿಲಿಂಡರ್ ತರುವ ಆಸೆ ಆಗುತ್ತದೆ. ಸಿಕ್ಕಿಬಿದ್ದರೆ ಸಿಲಿಂಡರ್ ಜಪ್ತಿ, ಕೇಸು.

ಬಿಲ್ ಓದುವುದು ಹೇಗೆ?

ಮದ್ಯ, ದೊಡ್ಡ ಲಾಡ್ಜ್ ಇಲ್ಲದ ಮಾಮೂಲಿ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ 5. ಎ.ಸಿ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 2017ರ ನವೆಂಬರ್ 15ರಿಂದ ಇದೇ ದರ. ಬಿಲ್ಲಿನಲ್ಲಿ ಅದು ಕೇಂದ್ರಕ್ಕೆ ಶೇ 2.5, ರಾಜ್ಯಕ್ಕೆ ಶೇ 2.5 ಎಂದು ಎರಡು ಸಾಲಾಗಿ ಇರುತ್ತದೆ. ₹400ರ ಊಟಕ್ಕೆ ಹತ್ತು ಹತ್ತು ಸೇರಿ ₹420.

ಇದಕ್ಕೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದರೆ ₹40 ಹೆಚ್ಚಾಗಿ ₹440, ಅದರ ಮೇಲೆ ತೆರಿಗೆ ₹22, ಒಟ್ಟು ₹462. ಈ ₹42 ಕೊಡಲೇಬೇಕಾದ ಹಣವಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಬಾರದೆಂದು ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಇದನ್ನ ತೆಗೀರಿ’ ಎಂದು ಕೇಳಿದರೆ ಹೋಟೆಲಿನವರು ತೆಗೆಯಬೇಕು. ಟೇಬಲ್ ಒರೆಸಿದ ಹುಡುಗನಿಗೆ ಖುಷಿಯಿಂದ ಕೈಗೆ ಕೊಡುವ ಇಪ್ಪತ್ತು ರೂಪಾಯಿ ಬೇರೆ, ಬಿಲ್ಲಿನಲ್ಲಿ ಅಚ್ಚಾದ ನಲವತ್ತು ಬೇರೆ.

ಜಿಎಸ್‌ಟಿ ಹಾಕಿದ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ನಂಬರ್ ಇರಲೇಬೇಕು, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ನಂಬರ್ ಇಲ್ಲದೆ ತೆರಿಗೆ ಕೇಳಿದರೆ ಕೊಡಬೇಕಿಲ್ಲ. ಇನ್ನೊಂದು ಸೂಕ್ಷ್ಮ: ಕಂಪೋಸಿಷನ್ ಯೋಜನೆಯಲ್ಲಿರುವ ಹೋಟೆಲುಗಳಿಗೆ ಜಿಎಸ್‌ಟಿ ನಂಬರ್ ಇದ್ದರೂ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ತಾವು ತೆರಿಗೆ ಸಂಗ್ರಹಿಸಲು ಅರ್ಹರಲ್ಲ ಎಂದು ಬಿಲ್ಲಿನ ಮೇಲೆ ಅವರೇ ಬರೆಯಬೇಕು. ಆ ಸಾಲೂ ಇದೆ, ಕೆಳಗೆ ಶೇ 5ರ ತೆರಿಗೆಯೂ ಇದೆ ಎಂದರೆ ಏನೋ ಎಡವಟ್ಟಾಗಿದೆ. ಆ್ಯಪ್‌ನಲ್ಲಿ ಆರ್ಡರ್ ಮಾಡಿದ ಊಟಕ್ಕೆ 2022ರ ಜನವರಿಯಿಂದ ತೆರಿಗೆ ಕಟ್ಟುವ ಹೊಣೆ ಆ್ಯಪ್ ಕಂಪನಿಯದು. ಜತೆಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ಲಿನ ಮೇಲಿದೆಯೇ ನೋಡಿ.

ಗಲ್ಲಾದ ಕಡೆಯ ಲೆಕ್ಕ

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದ ಎಷ್ಟೋ ಅಂಗಡಿಗಳ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿ ಅಂಟಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಲೇಬೇಕು ಎಂದರು. ಗಲಾಟೆ ತಣ್ಣಗಾಯಿತು. ನಿಯಮ ಹಾಗೇ ಇದೆ.

ಇಲ್ಲಿ ಹೋಟೆಲಿನವರು ಗಮನಿಸಬೇಕಾದ ಒಂದು ಫರಕು ಇದೆ. ಕಿರಾಣಿ, ಬಟ್ಟೆಯಂಥ ಸರಕಿನ ವ್ಯಾಪಾರಕ್ಕೆ ನೋಂದಣಿ ಮಿತಿ ವರ್ಷಕ್ಕೆ ₹40 ಲಕ್ಷ. ಆದರೆ ಊಟ ಬಡಿಸುವುದು ಕಾನೂನಿನಲ್ಲಿ ‘ಸೇವೆ’, ಅದಕ್ಕೆ ಮಿತಿ ₹20 ಲಕ್ಷ. ಅದನ್ನು 365ರಿಂದ ಭಾಗಿಸಿ ನೋಡಿ: ದಿನಕ್ಕೆ ಸುಮಾರು ₹5,500. ಲಾಭವಲ್ಲ, ಒಟ್ಟು ವ್ಯಾಪಾರ. ನಗದು, ಯುಪಿಐ ಎರಡೂ ಸೇರಿ. ₹60ರ ಪ್ಲೇಟಾದರೆ ದಿನಕ್ಕೆ ತೊಂಬತ್ತೆರಡು ಪ್ಲೇಟ್. ಹಬ್ಬ, ಜಾತ್ರೆ ಸೀಸನ್ ಲೆಕ್ಕ ಹಿಡಿದರೆ ಒಳ್ಳೆ ಜಾಗದಲ್ಲಿರುವ ಮೋಮೊ ಬಂಡಿಯೇ ಈ ಗೆರೆ ಮುಟ್ಟಬಹುದು. ಯುಪಿಐ ತೆಗೆದು ಹಾಕಿದರೆ ಮಿತಿ ತಪ್ಪುವುದಿಲ್ಲ, ಗಿರಾಕಿ ಮಾತ್ರ ಪಕ್ಕದ ಬಂಡಿಗೆ ಹೋಗುತ್ತಾನೆ.

ಮಿತಿ ದಾಟಿದರೆ ಎರಡು ದಾರಿ. ಎರಡರಲ್ಲೂ ದರ ಶೇ 5, ಎರಡರಲ್ಲೂ ಖರೀದಿ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಮಾಮೂಲಿ ನೋಂದಣಿಯಲ್ಲಿ ತೆರಿಗೆಯನ್ನು ಗಿರಾಕಿಯಿಂದ ಮೇಲೆ ಪಡೆಯಬಹುದು, ಲೆಕ್ಕಪತ್ರ ಜಾಸ್ತಿ. ವ್ಯಾಪಾರ ₹1.5 ಕೋಟಿ ಒಳಗಿದ್ದರೆ ಕಂಪೋಸಿಷನ್ ತೆಗೆದುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್, ಆದರೆ ಹಣ ಸ್ವಂತ ಗಲ್ಲಾದಿಂದ. ₹30 ಲಕ್ಷ ವ್ಯಾಪಾರಕ್ಕೆ ₹1.5 ಲಕ್ಷ. ಬಿಲ್ ಕೇಳದ, ಐದು ರೂಪಾಯಿ ಹೆಚ್ಚಾದರೆ ಮುಖ ಗಂಟಿಕ್ಕುವ ಗಿರಾಕಿಗಳಿರುವ ಕಮಲಾಪುರದಂಥ ಊರಿಗೆ ಎರಡನೆಯದು ಸರಳ. ದರಪಟ್ಟಿಯಲ್ಲೇ ಅದನ್ನು ಲೆಕ್ಕ ಹಾಕಿ ಸೇರಿಸಿಕೊಳ್ಳಬೇಕಾಗುತ್ತದೆ.

ಖರೀದಿ ಕಡೆ ಸ್ವಲ್ಪ ನಿರಾಳ ಸಿಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ ನೂಡಲ್ಸ್, ಸಾಸ್ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿದೆ, ಪ್ಯಾಕ್ ಮಾಡಿದ ಪನೀರ್‌ಗೆ ಶೇ 5 ಇದ್ದದ್ದು ಸೊನ್ನೆ ಆಗಿದೆ. ಸಗಟು ಅಂಗಡಿಯವರು ಹಳೇ ದರವನ್ನೇ ಹಾಕುತ್ತಿದ್ದರೆ ಕೇಳುವ ಹಕ್ಕು ಹೋಟೆಲಿನವರಿಗಿದೆ.

ಊಟದಿಂದ ತೊಂದರೆಯಾದರೆ ಮೊದಲು ವೈದ್ಯರ ಚೀಟಿ, ಬಿಲ್ ಅಥವಾ ಯುಪಿಐ ಸ್ಕ್ರೀನ್‌ಶಾಟ್ ಜೋಪಾನ ಮಾಡಿ. ತಿಂದ ಆಹಾರ ಉಳಿದಿದ್ದರೆ ಚೆಲ್ಲದೆ ಫ್ರಿಜ್‌ನಲ್ಲಿಡಿ. ಆಹಾರ ಸುರಕ್ಷತೆ ದೂರಿಗೆ 1800-11-2100, ಬಿಲ್ ಅಥವಾ ಸರ್ವಿಸ್ ಚಾರ್ಜ್ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಮಟ್ಟದಲ್ಲಿ ಕಲಬುರಗಿಯಲ್ಲಿರುವ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ಕೊಡಬಹುದು. ದೂರಿನಲ್ಲಿ ಹೋಟೆಲ್ ಅಥವಾ ಬಂಡಿ ಇರುವ ಜಾಗ, ತಿಂದ ದಿನ ಮತ್ತು ಹೊತ್ತು ಸರಿಯಾಗಿ ಬರೆದಿರಬೇಕು.